ಮೂವತ್ತಮೂರರಲ್ಲಿ ಎಂಬಿಬಿಎಸ್ ಸೇರಬಹುದೇ?

ಪ್ರಶ್ನೆ: ನನಗೆ 33 ವರ್ಷ. ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿ, ಬಿಇ ಮುಗಿಸಿ, ಈಗ ಗದಗದಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದೇನೆ. ಮದುವೆಯಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ಡಾಕ್ಟರಾಗುವ ಆಸೆ ಮಾತ್ರ ಹೋಗಿಲ್ಲ. ಈ ವಯಸ್ಸಿನಲ್ಲಿ ನೀಟ್ ಬರೆಯಲು ಬಿಡುತ್ತಾರೆಯೇ? ಓದಲು ನೌಕರಿ ಬಿಡಬಹುದೇ?

ಉತ್ತರ: ಬಿಡುತ್ತಾರೆ. ನೀಟ್‌ಗೆ 17 ತುಂಬಿರಬೇಕು ಎಂಬ ಕನಿಷ್ಠ ಮಿತಿಯಿದೆ, ಗರಿಷ್ಠ ಮಿತಿಯಿಲ್ಲ. ಹಿಂದೆ 25 ವರ್ಷ, ಮೀಸಲು ವರ್ಗದವರಿಗೆ 30 ಎಂದು ಮಿತಿ ಹಾಕಿದ್ದರು. ಅದು ಕೋರ್ಟಿನ ಮೆಟ್ಟಿಲೇರಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ತೆಗೆದುಹಾಕಿತು. ಹಳೆಯ ಮಿತಿಯ ಮಾತು ಇನ್ನೂ ಮದುವೆ ಮನೆಗಳಲ್ಲಿ ಕೇಳಿಬರುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಸದ್ಯಕ್ಕೆ ಬಿಡಬೇಡಿ.

ನಿಮ್ಮ ಹಳೆಯ ಪಿಯುಸಿ ಅಂಕಪಟ್ಟಿಗೆ ಅವಧಿ ಮೀರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ. 50 ಇರಬೇಕು, ಎಸ್‌ಸಿ, ಎಸ್‌ಟಿ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40. ಎಂಜಿನಿಯರಿಂಗ್‌ಗೆ ಹೋಗುವವರೂ ನಮ್ಮಲ್ಲಿ ಪಿಸಿಎಂಬಿ ತೆಗೆದುಕೊಳ್ಳುವ ರೂಢಿ ಇದ್ದದ್ದು ಈಗ ನಿಮ್ಮ ಕೈ ಹಿಡಿದಿದೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಓದಿದವರಿಗೂ ದಾರಿಯಿದೆ: ಪಿಯುಸಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೂ ನಡೆಯುತ್ತದೆ ಎಂದು 2023ರಲ್ಲಿ ಆಯೋಗ ಒಪ್ಪಿಕೊಂಡಿದೆ.

ಓದಿನ ವಿಷಯಕ್ಕೆ ಬಂದರೆ, ಅಟ್ಟದ ಮೇಲಿನ ಪಿಯುಸಿ ನೋಟ್ಸನ್ನು ಇಳಿಸಬೇಡಿ. ನೀವು ಓದಿದ್ದು ರಾಜ್ಯದ ಹಳೆಯ ಪಠ್ಯ. ನೀಟ್‌ಗೆ ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಪುಸ್ತಕಗಳೇ ಆಧಾರ. ಮೂರು ಗಂಟೆ, 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರದ್ದು. ಸಿಇಟಿ ಬರೆದ ನಮ್ಮವರಿಗೆ ಒಂದು ಹಳೆಯ ಚಾಳಿಯಿದೆ: ಗೊತ್ತಿಲ್ಲದ ಪ್ರಶ್ನೆಗೂ ಒಂದು ಗುಂಡಿ ಕಪ್ಪು ಮಾಡಿಬಿಡುವುದು. ಅಲ್ಲಿ ತಪ್ಪಿಗೆ ಅಂಕ ಕಳೆಯುತ್ತಿರಲಿಲ್ಲ. ಇಲ್ಲಿ ಸರಿ ಉತ್ತರಕ್ಕೆ ನಾಲ್ಕು ಬಂದರೆ, ತಪ್ಪಿಗೆ ಒಂದು ಹೋಗುತ್ತದೆ. ಬಿಇ ಓದಿದ ನಿಮಗೆ ಭೌತಶಾಸ್ತ್ರ ಬೇಗ ಕೈಗೆ ಹತ್ತಬಹುದು. ಹದಿನೆಂಟರ ಹುಡುಗರು ಹೆಚ್ಚು ಎಡವುವುದೂ ಅಲ್ಲಿಯೇ. ಜೀವಶಾಸ್ತ್ರಕ್ಕೆ ಬಾಯಿಪಾಠ ಬೇಕು, ಬ್ಯಾಂಕಿನಿಂದ ದಣಿದು ಬಂದವರಿಗೆ ಕಷ್ಟವಾಗುವುದು ಅದೇ.

ಅರ್ಹತೆ ಪಡೆಯುವುದು ಬೇರೆ, ಸೀಟು ಸಿಗುವುದು ಬೇರೆ. 2025ರಲ್ಲಿ 22 ಲಕ್ಷ ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಜನ ಅರ್ಹರಾದರು; ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಸುಮಾರು ಒಂದೂಕಾಲು ಲಕ್ಷ. ಒಂದು ಕಾಲಕ್ಕೆ ಈ ಭಾಗಕ್ಕೆಲ್ಲ 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕಾಲೇಜೊಂದೇ ಸರ್ಕಾರಿ ಕಾಲೇಜಾಗಿತ್ತು. ಅದರ ಹೆಸರು ಬದಲಾಗಿದ್ದರೂ ಜನ ಇನ್ನೂ ಕಿಮ್ಸ್ ಎಂದೇ ಕರೆಯುತ್ತಾರೆ. ಈಗ ನಿಮ್ಮೂರಲ್ಲೇ ಜಿಮ್ಸ್ ಇದೆ, ಹಾವೇರಿಯಲ್ಲೂ ಸರ್ಕಾರಿ ಕಾಲೇಜಿದೆ. ಮಗಳನ್ನು ಮನೆಯಲ್ಲಿಟ್ಟುಕೊಂಡು ಓದುವ ಯೋಚನೆಯಿದ್ದರೆ ನಿಮ್ಮ ಗುರಿ ಈ ಮೂರರಲ್ಲೊಂದು. ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸುವ ಕಳೆದ ವರ್ಷದ ಕಟ್‌ಆಫ್ ಪಟ್ಟಿ ತೆಗೆದು, ಈ ಕಾಲೇಜುಗಳ ಸಾಲಿನಲ್ಲಿ ನಿಮ್ಮ ವರ್ಗದ ಅಂಕಣ ನೋಡಿ. ಜಿಎಂ (ಸಾಮಾನ್ಯ ವರ್ಗ), 2ಎ, 3ಬಿ (ಹಿಂದುಳಿದ ವರ್ಗಗಳು) ಎಂಬವುಗಳ ಪಕ್ಕದಲ್ಲಿ ಆರ್ ಎಂದಿದ್ದರೆ ಗ್ರಾಮೀಣ, ಕೆ ಎಂದಿದ್ದರೆ ಕನ್ನಡ ಮಾಧ್ಯಮ.

ಈ ಎರಡು ಅಕ್ಷರಗಳನ್ನು ಹಗುರವಾಗಿ ನೋಡಬೇಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡದಲ್ಲಿ ಓದಿದ್ದು ಎಷ್ಟು ಹಿಂದಿನ ಮಾತಾದರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಮುಖ್ಯ ಶಿಕ್ಷಕರ ಸಹಿಯ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲು ಸಹಿ ಬೇಕು. ಹದಿನೆಂಟರ ಹುಡುಗನಿಗೆ ಇದು ಒಂದೆರಡು ದಿನದ ಕೆಲಸ. ನಿಮಗಾದರೆ ಊರಿನ ಕನ್ನಡ ಶಾಲೆಗೆ ಹೋಗಿ, ದಾಖಲಾತಿ ರಿಜಿಸ್ಟರನ್ನು ಕಪಾಟಿನ ತಳದಿಂದ ತೆಗೆಸಿ, ನಿಮ್ಮ ಹೆಸರಿನ ಸಾಲು ಹುಡುಕಿಸಬೇಕು. ಶಾಲೆ ಬೇರೊಂದರಲ್ಲಿ ವಿಲೀನವಾಗಿದ್ದರೆ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲೇ ಕೇಳಬೇಕು. ಅಂಕಪಟ್ಟಿಯಲ್ಲೊಂದು ಇನಿಶಿಯಲ್, ಆಧಾರ್‌ನಲ್ಲಿ ಮದುವೆಯಾದ ಮೇಲಿನ ಹೆಸರು ಎಂಬ ತೊಡಕಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಫಲಿತಾಂಶ ಬಂದ ಮೇಲೆ ಓಡಾಡಲು ಸಮಯ ಸಾಲುವುದಿಲ್ಲ.

ಇನ್ನು ದುಡ್ಡು. ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಲಕ್ಷದೊಳಗೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಾದರೂ ತಡೆದುಕೊಳ್ಳಬಹುದು. ಅದೇ ಕಾಲೇಜಿನ ಖಾಸಗಿ ಕೋಟಾ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಹದಿನೆಂಟರವನ ಮುಂದೆ ಸಾಲ ತೀರಿಸಲು ನಾಲ್ಕು ದಶಕಗಳಿರುತ್ತವೆ, ನಿಮಗಿಲ್ಲ. ಹೊಲ ಮಾರಿ, ಪಿಎಫ್ ತೆಗೆದು ಆ ಸೀಟು ಹಿಡಿಯಲು ನಾನಂತೂ ಹೇಳುವುದಿಲ್ಲ. ಆದರೆ ನಿಜವಾದ ಖರ್ಚು ಶುಲ್ಕವಲ್ಲ, ನಿಂತುಹೋಗುವ ಸಂಬಳ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಿ ಕಡ್ಡಾಯ, ಹಾಗಾಗಿ ನೌಕರಿ ಮಾಡುತ್ತಾ ಓದುವ ಮಾತೇ ಇಲ್ಲ. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಬರುತ್ತದೆ, ಜೊತೆಗೆ ರಾತ್ರಿ ಪಾಳಿಯೂ ಬರುತ್ತದೆ. ಮನೆಯಲ್ಲಿ ಇನ್ನೊಬ್ಬರ ಸಂಬಳ ಐದೂವರೆ ವರ್ಷ ಒಲೆ ಉರಿಸುತ್ತದೆಯೇ ಎಂದು ಗಂಡ ಹೆಂಡತಿ ಕುಳಿತು ಕಾಗದದ ಮೇಲೆ ಬರೆದು ನೋಡಿ. ಅತ್ತೆ ಮಾವಂದಿರನ್ನೂ ಆ ಮಾತಿಗೆ ಕೂರಿಸಿಕೊಳ್ಳಿ, ಮಗುವನ್ನು ಶಾಲೆಗೆ ಬಿಡುವವರು ಅವರೇ ತಾನೆ.

ಮುಂದಿನ ವರ್ಷ ಸೀಟು ಸಿಕ್ಕರೂ ಹೊರಬರುವಾಗ ನಿಮಗೆ ನಲವತ್ತು. ಎಂಡಿ, ಎಂಎಸ್ ಎಂದರೆ ಇನ್ನೂ ಮೂರು ವರ್ಷ, ಅದಕ್ಕೆ ಮತ್ತೊಂದು ನೀಟ್. ಒಳಹೋಗಲು ಇಲ್ಲದ ವಯೋಮಿತಿ ಹೊರಬಂದ ಮೇಲೆ ಎದುರಾಗುತ್ತದೆ: ಯುಪಿಎಸ್‌ಸಿಯ ಸಂಯೋಜಿತ ವೈದ್ಯಕೀಯ ಸೇವೆಗಳ ಪರೀಕ್ಷೆಗೆ ಸಾಮಾನ್ಯ ವರ್ಗದ ಮಿತಿ 32, ಒಂದು ವಿಭಾಗಕ್ಕೆ ಮಾತ್ರ 35. ಹೀಗಾಗಿ ಖಾಸಗಿ ಆಸ್ಪತ್ರೆ ಅಥವಾ ಸ್ವಂತ ಕ್ಲಿನಿಕ್ಕನ್ನು ಎಣಿಸಿಕೊಂಡೇ ಹೊರಡಿ. ಶಸ್ತ್ರಚಿಕಿತ್ಸಕರಾಗುವ ಕನಸಾದರೆ ಎರಡು ಸಲ ಯೋಚಿಸಿ. ರೋಣ, ಶಿರಹಟ್ಟಿಯಂಥ ಊರಿನಲ್ಲಿ ಜ್ವರ, ಬಿಪಿ, ಸಕ್ಕರೆ ಕಾಯಿಲೆ ನೋಡುವ ಒಳ್ಳೆಯ ಎಂಬಿಬಿಎಸ್ ವೈದ್ಯರಾಗುವ ಆಸೆಯಾದರೆ ನಲವತ್ತು ತಡವೇನಲ್ಲ.

ರಾಜೀನಾಮೆ ಬರೆಯುವ ಮೊದಲು ಆರು ತಿಂಗಳು ಬೆಳಗಿನ ಎರಡು ಗಂಟೆ, ರಜೆಯ ದಿನ ಪೂರ್ತಿ ಓದಿ. ಬಳಿಕ ಒಂದು ಭಾನುವಾರ ಧಾರವಾಡದ ಸಪ್ತಾಪುರಕ್ಕೆ ಹೋಗಿ, ಯಾವುದಾದರೂ ಓದುವ ಕೋಣೆಯಲ್ಲಿ ಕುಳಿತು, ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ಮಧ್ಯಾಹ್ನ ಎರಡರಿಂದ ಐದರವರೆಗೆ ಬರೆಯಿರಿ. ಕೆಎಎಸ್‌ಗೆ ಓದುತ್ತಿರುವ ಮೂವತ್ತು ದಾಟಿದವರು ಅಲ್ಲಿ ಬೇಕಾದಷ್ಟಿದ್ದಾರೆ, ಯಾರೂ ನಿಮ್ಮನ್ನು ವಿಚಿತ್ರವಾಗಿ ನೋಡುವುದಿಲ್ಲ. ಬಂದ ಅಂಕವನ್ನು ಆ ವರ್ಷದ ಅಂಕ ಮತ್ತು ರ್‍ಯಾಂಕ್‌ಗೆ ಹೋಲಿಸಿ, ಗದಗ, ಹಾವೇರಿಯ ಕಟ್‌ಆಫ್ ಪಕ್ಕದಲ್ಲಿಟ್ಟು ನೋಡಿ. ಹತ್ತಿರದಲ್ಲಿದ್ದರೆ ಆಗ ನೌಕರಿ ಬಿಡುವ ಮಾತಾಡಿ. ಬಹಳ ದೂರವಿದ್ದರೆ ಸಂಬಳ ತೆಗೆದುಕೊಳ್ಳುತ್ತಲೇ ಇನ್ನೊಂದು ವರ್ಷ ಓದಿ. ನೀಟ್ ಇಷ್ಟೇ ಸಲ ಬರೆಯಬೇಕು ಎಂಬ ಮಿತಿಯೂ ಇಲ್ಲ.