‘ಮೊದಲಿಂದಲೂ ಹೀಗೇ ಸಾರ್’ ಅನ್ನುವ ಆಫೀಸಿನಲ್ಲಿ ಹೊಸದನ್ನು ತರುವುದು ಹೇಗೆ?

ಓದುಗರ ಪ್ರಶ್ನೆ: ಒಂದು ಸಣ್ಣ ತಂಡಕ್ಕೆ ಹೊಸದಾಗಿ ಮ್ಯಾನೇಜರ್ ಆಗಿದ್ದೇನೆ. ಯಾವುದಾದರೂ ಕೆಲಸ ಯಾಕೆ ಹೀಗೆ ಅಂತ ಕೇಳಿದರೆ ‘ಮೊದಲಿಂದಲೂ ಹೀಗೇ ಸಾರ್’ ಅನ್ನುತ್ತಾರೆ. ಹೊಸ ಐಡಿಯಾ ಇದ್ದರೆ ಹೇಳಿ ಅಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಇವರಿಗೆ ಆಸಕ್ತಿಯೇ ಇಲ್ವಾ? ನಾನು ಏನು ಮಾಡಲಿ?

ಉತ್ತರ:

ಆಸಕ್ತಿ ಇರುತ್ತದೆ. ಅದೇ ಜನ ಟೀ ಅಂಗಡಿ ಮುಂದೆ ನಿಂತಾಗ ಏನು ಮಾತಾಡುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಯಾವ ಫಾರ್ಮ್ ದಂಡ, ಯಾವ ರಿಪೋರ್ಟನ್ನು ಯಾರೂ ಓದುವುದಿಲ್ಲ, ಯಾರ ಸಹಿಗೆ ಕಾದು ಎರಡು ದಿನ ಹಾಳಾಗುತ್ತದೆ, ಎಲ್ಲವೂ ಅವರ ಬಾಯಿ ತುದಿಯಲ್ಲೇ ಇರುತ್ತದೆ. ನಿಮ್ಮ ಮುಂದೆ ಹೇಳುವುದಿಲ್ಲ ಅಷ್ಟೇ. ಹಿಂದೆ ಯಾರೋ ಒಬ್ಬರು ಹೇಳಿರುತ್ತಾರೆ. ‘ಒಳ್ಳೇದು, ಹಾಗಾದ್ರೆ ನೀವೇ ಮಾಡಿಬಿಡಿ’ ಅಂತ ಆ ಕೆಲಸ ಅವರ ತಲೆಗೇ ಬಿದ್ದಿರುತ್ತದೆ. ಇಲ್ಲವೇ ಮೀಟಿಂಗಿನಲ್ಲಿ ಎಲ್ಲರೆದುರು ಮಂಗಳಾರತಿ ಆಗಿರುತ್ತದೆ. ಉಳಿದವರು ಅದನ್ನು ನೋಡಿದ್ದಾರೆ. ಇಲ್ಲದ ಉಸಾಬರಿ ಯಾರಿಗೆ ಬೇಕು?

ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ಒಂದೇ. ನಿಮ್ಮಲ್ಲಿ ‘ಇದು ಸರಿಯಿಲ್ಲ’ ಅಂದವರಿಗೆ ಮುಂದಿನ ಐದು ನಿಮಿಷದಲ್ಲಿ ಏನಾಗುತ್ತದೆ?

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ (ಜಿಎಂ) ಅನ್ನುವ ಕಾರು ಕಂಪನಿಯ ಒಂದು ಕಾರ್ಖಾನೆ ಇತ್ತು. ಕಂಪನಿಯ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಅಂತ ಹೆಸರು. ದಿನಾ ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಅಲ್ಲಿ ಒಂದೇ ನಿಯಮ: ಏನೇ ಆದರೂ ಕಾರು ಜೋಡಿಸುತ್ತ ಸಾಗುವ ಲೈನ್ ನಿಲ್ಲಬಾರದು. ತಪ್ಪು ಭಾಗ ಕೂತ ಕಾರೂ ಹಾಗೇ ಮುಂದಕ್ಕೆ ಹೋಗುತ್ತಿತ್ತು. ಆಮೇಲೆ ಅಂಗಳದಲ್ಲಿ ನಿಲ್ಲಿಸಿ, ಬಿಚ್ಚಿ ರಿಪೇರಿ ಮಾಡುತ್ತಿದ್ದರು. 1982ರಲ್ಲಿ ಅದಕ್ಕೆ ಬೀಗ ಬಿತ್ತು.

1984ರಲ್ಲಿ ಟೊಯೊಟಾ ಜತೆ ಸೇರಿ ಜಿಎಂ ಅದನ್ನೇ ‘ನಮ್ಮಿ’ ಅನ್ನುವ ಹೆಸರಿನಲ್ಲಿ ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಹೆಚ್ಚಿನವರು ಹಳಬರೇ. ಯೂನಿಯನ್ ಕೂಡ ಅದೇ. ಈ ಸಲ ಲೈನ್ ಉದ್ದಕ್ಕೂ ತಲೆ ಮೇಲೆ ಒಂದು ಹಗ್ಗ ಕಟ್ಟಿದ್ದರು. ಟೊಯೊಟಾದವರು ಇದನ್ನು ಆಂಡನ್ ಅನ್ನುತ್ತಾರೆ. (ನಮ್ಮ ಬಿಡದಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಪರಿಚಯ ಇದ್ದರೆ ಕೇಳಿ, ಚೆನ್ನಾಗಿ ವಿವರಿಸುತ್ತಾರೆ.) ಒಂದು ಬೋಲ್ಟ್ ಸರಿಯಾಗಿ ಕೂರಲಿಲ್ಲ ಅಂದುಕೊಳ್ಳಿ. ಕಾರ್ಮಿಕ ಹಗ್ಗ ಎಳೆಯುತ್ತಾನೆ. ಟ್ಯೂನ್ ಒಂದು ಮೊಳಗುತ್ತದೆ, ಬೋರ್ಡಿನಲ್ಲಿ ಆ ಜಾಗದ ದೀಪ ಹತ್ತುತ್ತದೆ. ಟೀಮ್ ಲೀಡರ್ ಬಂದು ಏನಾಯಿತು ಅಂತ ಕೇಳಿ ಕೈ ಜೋಡಿಸುತ್ತಾನೆ. ಕಾರು ಆ ಜಾಗ ದಾಟುವಷ್ಟರಲ್ಲಿ ಸರಿಹೋದರೆ ಇನ್ನೊಮ್ಮೆ ಹಗ್ಗ ಎಳೆದು ಮುಂದಕ್ಕೆ ಬಿಡುತ್ತಾರೆ. ಆಗಲಿಲ್ಲ ಅಂದರೆ ಲೈನ್ ನಿಲ್ಲುತ್ತದೆ. ಎಳೆದವನಿಗೆ ಬೈಗುಳ ಇಲ್ಲ. ಮೊದಲ ಒಂದೆರಡು ವರ್ಷದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಜಿಎಂನ ಉಳಿದ ಕಾರ್ಖಾನೆಗಳಿಗಿಂತ ಮೇಲೇರಿತು. ಗೈರುಹಾಜರಿಯೂ ಬಹಳ ಇಳಿಯಿತು.

ಅದೇ ರಾಜ್ಯದ ವಾನ್ ನೈಸ್‌ನಲ್ಲಿದ್ದ ತನ್ನ ಇನ್ನೊಂದು ಕಾರ್ಖಾನೆಯಲ್ಲೂ ಜಿಎಂ ಇದನ್ನೇ ಮಾಡಲು ಹೋಯಿತು. ಹಗ್ಗ ಕಟ್ಟಿದರು, ತರಬೇತಿ ಕೊಟ್ಟರು. ಆದರೆ ಅಲ್ಲಿನ ಮ್ಯಾನೇಜರುಗಳಿಗೆ ಬೋನಸ್ ಸಿಗುತ್ತಿದ್ದದ್ದು ಎಷ್ಟು ಕಾರು ಹೊರಗೆ ಹೋಯಿತು ಅನ್ನುವುದರ ಮೇಲೆ. ಯಾರಾದರೂ ಹಗ್ಗ ಎಳೆದರೆ ಅವರ ಮೇಲೇ ರೇಗುತ್ತಿದ್ದರು. ಕ್ರಮೇಣ ಎಳೆಯುವುದೇ ನಿಂತುಹೋಯಿತು. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ಮುಚ್ಚಲು ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಹಗ್ಗದ ತಲೆಗೆ ಕಟ್ಟುವುದು ಬೇಡ. ಆದರೂ ಎರಡೂ ಕಡೆ ಇದ್ದದ್ದು ಅದೇ ಹಗ್ಗ, ಅಂಥದೇ ಜನ. ಬೇರೆ ಇದ್ದದ್ದು ಎಳೆದ ಮೇಲೆ ಓಡಿ ಬಂದವರ ಮುಖ.

ನಮ್ಮ ಆಫೀಸುಗಳಲ್ಲಿ ಗೋಡೆಗೆ ನೇತುಹಾಕುವ ಸಲಹಾ ಪೆಟ್ಟಿಗೆ ನೋಡಿದಾಗೆಲ್ಲ ನನಗೆ ವಾನ್ ನೈಸ್ ನೆನಪಾಗುತ್ತದೆ. ಅದರ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ?

ಬರೀ ನಗುಮುಖ ಮಾಡಿದರೆ ಸಾಕಾ? ಸಾಲದು. ಕೆಳಗಿನವರಿಗೆ ನಿಜವಾದ ಅಧಿಕಾರ ಕೊಡಬೇಕು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಪೀಟರ್ ಪ್ರೊನೊವೋಸ್ಟ್ ಐಸಿಯು ರೋಗಿಗಳಿಗೆ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಸೋಂಕು ಬರುವುದನ್ನು ತಡೆಯಲು ಐದು ಹೆಜ್ಜೆಗಳ ಪಟ್ಟಿ ಮಾಡಿದರು. ಕೈ ತೊಳೆಯಿರಿ, ಚರ್ಮ ಶುದ್ಧ ಮಾಡಿ, ಇಂಥವೇ, ಹೊಸದೇನಿಲ್ಲ. ಒಂದು ತಿಂಗಳು ಸುಮ್ನೆ ಗಮನಿಸಿ ಅಂತ ನರ್ಸ್‌ಗಳಿಗೆ ಹೇಳಿದರು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರೋಗಿಗಳ ವಿಷಯದಲ್ಲಿ ವೈದ್ಯರು ಒಂದಾದರೂ ಹೆಜ್ಜೆ ಬಿಡುತ್ತಿದ್ದರು. ಆಮೇಲೆ ಆಸ್ಪತ್ರೆಯ ಆಡಳಿತ ಒಂದು ಮಾತು ಹೇಳಿತು: ಹೆಜ್ಜೆ ತಪ್ಪಿದರೆ ನರ್ಸ್ ವೈದ್ಯರನ್ನು ತಡೆಯಬಹುದು, ನಾವು ನರ್ಸ್ ಹಿಂದೆ ನಿಲ್ಲುತ್ತೇವೆ. ನಳಿಕೆ ಹಾಕಿದ ಹತ್ತು ದಿನದೊಳಗಿನ ಸೋಂಕು ಒಂದು ವರ್ಷದಲ್ಲಿ ಶೇ 11ರಿಂದ ಸೊನ್ನೆಗೆ ಬಂತು. ಪಟ್ಟಿಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ‘ಹಿಂದೆ ನಿಲ್ಲುತ್ತೇವೆ’ ಅನ್ನುವ ಮಾತಿಗೇ ತೂಕ ಜಾಸ್ತಿ.

ಇನ್ನೊಂದು ಎಚ್ಚರಿಕೆ. ನೀವು ಇದನ್ನೆಲ್ಲ ಸರಿಯಾಗಿ ಮಾಡಿದರೆ ಮೊದಲು ದೂರುಗಳೇ ಜಾಸ್ತಿ ಆಗುತ್ತವೆ. ಗಾಬರಿ ಬೇಡ. ಹಾರ್ವರ್ಡ್‌ನ ಎಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಅಂದುಕೊಂಡದ್ದು ಇದಕ್ಕೆ ತದ್ವಿರುದ್ಧ. ಕೆದಕಿ ನೋಡಿದಾಗ ಆ ತಂಡಗಳಲ್ಲಿ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಅನ್ನುವುದು ಕಂಡಿತು.

ಹಳೆಯದೆಲ್ಲ ದಂಡ ಅಂತಲೂ ಹೊರಡಬೇಡಿ. ಬ್ಯಾಂಕಿನ ತಿಜೋರಿ ತೆಗೆಯಲು ಇಬ್ಬರು ಬೇಕು, ಇಬ್ಬರ ಹತ್ತಿರವೂ ಒಂದೊಂದು ಬೀಗದ ಕೈ. ಹೊಸಬರಿಗೆ ಸಮಯ ಹಾಳು ಅನ್ನಿಸಬಹುದು. ಅದು ಯಾಕೆ ಬಂತು ಅಂತ ಹಿರಿಯ ಕ್ಯಾಷಿಯರ್ ಒಬ್ಬರನ್ನು ಕೇಳಿದರೆ ಸಾಕು. ಒಂದು ಪದ್ಧತಿಗೆ ಕೈ ಹಾಕುವ ಮುಂಚೆ ಅಲ್ಲಿನ ಅತಿ ಹಳಬರ ಹತ್ತಿರ ಕೂತು ‘ಇದು ಶುರುವಾದಾಗ ಏನಾಗಿತ್ತು?’ ಅಂತ ಕೇಳಿ. ಕಾರಣ ಇನ್ನೂ ಇದ್ದರೆ ಬಿಟ್ಟುಬಿಡಿ. ಕಾರಣ ಹೋಗಿ ಪದ್ಧತಿ ಮಾತ್ರ ಉಳಿದಿದ್ದರೆ ಆ ಹಳಬರೇ ನಿಮ್ಮ ಕಡೆ ಆಗುತ್ತಾರೆ.

ಬದಲಾಯಿಸಲು ತೀರ್ಮಾನಿಸಿದ ಮೇಲೆ ಹಳೆಯ ದಾರಿಯನ್ನು ಮುಚ್ಚಲೇಬೇಕು. ಇದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಸಾಕ್ಷಿ. ಮೊದಲು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು, ಕೈ ಬೆಚ್ಚಗೂ ಮಾಡಬೇಕಿತ್ತು. ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿಗೆ ಪಹಣಿ ಕೊಡಲು ಶುರು ಮಾಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಎರಡೂ ಜತೆಗೇ ನಡೆದು ಹಳೆಯದೇ ಗೆಲ್ಲುತ್ತಿತ್ತೇನೋ. ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಅಂತ ಸರ್ಕಾರ ಆದೇಶ ಮಾಡಿತು. ಖಾತೆ ಬದಲಾವಣೆ ಅರ್ಜಿಗಳಿಗೂ ಮೊದಲು ಬಂದವರಿಗೆ ಮೊದಲು ಅನ್ನುವ ಸರದಿ ತಂದಿತು. ನಿಮ್ಮ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಮೇಲೂ ‘ಯಾವುದಕ್ಕೂ ಇರಲಿ’ ಅಂತ ಹಳೇ ರಿಜಿಸ್ಟರ್ ಬರೆಸುತ್ತಿದ್ದೀರಾ? ಹಾಗಿದ್ದರೆ ಜನ ಸಾಫ್ಟ್‌ವೇರನ್ನು ಬೈಯುವುದರಲ್ಲಿ ತಪ್ಪೇನಿಲ್ಲ.

ಸರಿ, ಸೋಮವಾರ ಏನು ಮಾಡುವುದು? ‘ಐಡಿಯಾ ಕೊಡಿ’ ಅನ್ನುವುದನ್ನು ನಿಲ್ಲಿಸಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಹೋದ ವಾರ ಮಾಡಿದ ಕೆಲಸದಲ್ಲಿ ಯಾರಿಗೂ ಉಪಯೋಗ ಆಗದ್ದು ಯಾವುದು?’ ಅಂತ ಕೇಳಿ. ಇದಕ್ಕೆ ಉತ್ತರ ಇಲ್ಲದವರು ಕಡಿಮೆ. ಮೀಟಿಂಗಿನಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ. ಸಾಹೇಬರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರಿಗೆ ಹೂಂಗುಟ್ಟುವುದೊಂದೇ ಕೆಲಸ. ಬಂದ ಮಾತಿನಲ್ಲಿ ಒಂದನ್ನು ಆ ವಾರದಲ್ಲೇ ಮಾಡಿ ತೋರಿಸಿ, ಹೇಳಿದವರ ಹೆಸರು ಹಿಡಿದು ಹೇಳಿ. ಆಗದ ಸಲಹೆ ಆಗಿದ್ದರೆ ಯಾಕೆ ಆಗಲ್ಲ ಅಂತ ಮುಖ ನೋಡಿ ಹೇಳಿ. ‘ನೋಡೋಣ’ ಅಂದು ತೇಲಿಸಿದರೆ ಆ ಮನುಷ್ಯ ಎರಡನೇ ಸಲ ಬರುವುದಿಲ್ಲ.

‘ನನ್ನ ಮೇಲಿನವರೇ ಒಪ್ಪಲ್ಲ, ಏನು ಮಾಡಲಿ’ ಅಂತಲೂ ಬಹಳ ಜನ ಕೇಳುತ್ತಾರೆ. ಅವರ ಸಹಿ ಬೇಡದ ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ. ಒಂದು ತಿಂಗಳು ಪ್ರಯೋಗ ಅಂತಲೇ ಮಾಡಿ, ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು ಅಂತ ಬರೆದಿಡಿ. ಆ ಹಾಳೆಯನ್ನು ತೆಗೆದುಕೊಂಡು ಹೋಗಿ. ಕೆಲಸ ಕೆಟ್ಟರೆ ಬೈಗುಳ ನೀವು ತಿನ್ನಿ, ತಂಡದವರ ಹೆಸರು ಎತ್ತಬೇಡಿ.