ಎರೆಮಣ್ಣಿನ ಪ್ಲಾಟಿನಲ್ಲಿ ಪಾಯಕ್ಕೆ ಉಸುಕು ತುಂಬಿದರೆ ಸಾಕಾ?

ಪ್ರಶ್ನೆ: ಕಲಬುರಗಿ ರಿಂಗ್ ರೋಡ್ ಹತ್ತಿರ ನಮ್ಮ ಪ್ಲಾಟ್ ಇದೆ, ಪೂರ್ತಿ ಎರೆಮಣ್ಣು. ಒಂದೇ ಅಂತಸ್ತಿನ ಮನೆ. ಐದು ಅಡಿ ಅಗೆದು ಉಸುಕು ತುಂಬಿದರೆ ಸಾಕು ಅಂತಾರೆ ಗೌಂಡಿ. ಪಕ್ಕದ ಮನೆಯವರಿಗೆ ಏನೂ ಆಗಿಲ್ಲ, ನಮ್ಮದು ಹಗುರ ಮನೆ, ಬೀದರ್‌ನ ನೆಂಟರೂ ಏನಾಗಲ್ಲ ಅಂತಾರೆ. ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಬೇಕೇ ಬೇಕಾ?

ಉತ್ತರ: ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ, ಇನ್ನೊಮ್ಮೆ ಹೇಳುತ್ತೇನೆ. ಮೊದಲು ಗುಂಡಿ ತೋಡಿ ನೋಡಿ. ನಾಲ್ಕೈದು ಅಡಿಗೇ ಗಟ್ಟಿ ಗರಸೋ ಶಹಾಬಾದ್ ಕಲ್ಲಿನ ಪದರವೋ ಸಿಕ್ಕರೆ ಪಾಯ ಅದರ ಮೇಲೇ ಕೂರಲಿ, ಪೈಲ್ ಬೇಡ. ಎರೆ ಆಳಕ್ಕೆ ಹೋಗಿದ್ದರೆ ಪೈಲ್ ಬೇಕು.

ಇನ್ನು ಉಸುಕು. ಎರೆ ನೆನೆದರೆ ಉಬ್ಬುತ್ತದೆ, ಉಸುಕು ಉಬ್ಬುವುದಿಲ್ಲ, ನಿಜ. ಆದರೆ ನೀರು ತಡೆಯುವುದೂ ಇಲ್ಲ. ಮಳೆ ನೀರು, ಬಚ್ಚಲ ನೀರು ಎಲ್ಲ ಆ ಉಸುಕಿಗೆ ಇಳಿಯುತ್ತದೆ, ಸುತ್ತಲಿನ ಎರೆ ಅದನ್ನು ಬೇಗ ಬಿಟ್ಟುಕೊಡುವುದಿಲ್ಲ, ನಿಂತ ನೀರು ನಿಧಾನಕ್ಕೆ ತಳದ ಮಣ್ಣನ್ನು ನೆನೆಸುತ್ತದೆ. ಆಗ ಉಬ್ಬುವುದು ಆ ತಳದ ಎರೆ. ಪಕ್ಕದ ಮನೆಗೆ ಏನೂ ಆಗಿಲ್ಲ ಅಂತೀರಿ. ಅವರ ಪಾಯದ ಕೆಳಗೆ ಏನಿದೆ ಅಂತ ನೋಡಿದವರು ಯಾರು? ಮನೆ ಹಗುರ, ಏನಾಗಲ್ಲ ಅನ್ನೋದೂ ತಪ್ಪು. ಹಗುರ ಇದ್ದದ್ದನ್ನೇ ಮಣ್ಣು ಸುಲಭವಾಗಿ ಎತ್ತೋದು, ಕಾಂಪೌಂಡ್ ಗೋಡೆ ಮೊದಲು ಸೀಳುವುದು ಅದಕ್ಕೇ ಅಲ್ವಾ? ಬೀದರ್‌ನ ಕೆಂಪು ಮಣ್ಣಿನಲ್ಲಿ ಮನೆ ಕಟ್ಟಿದ ನೆಂಟರ ಸಲಹೆಯಂತೂ ಇಲ್ಲಿ ನಡೆಯುವುದಿಲ್ಲ.

ನಂಬಿಕೆ ಬರದಿದ್ದರೆ ಲ್ಯಾಬ್‌ಗೆ ಮಣ್ಣು ಕೊಡಿ. ಜರಡಿ ಹಿಡಿದ ಒಣ ಮಣ್ಣು 10 ಗ್ರಾಂ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿಡುತ್ತಾರೆ. ಮರುದಿನ ಸೀಮೆಎಣ್ಣೆಯಲ್ಲಿ ಮಣ್ಣು ತಳದಲ್ಲೇ ತೆಪ್ಪಗಿರುತ್ತದೆ, ನೀರಿನದು ಉಬ್ಬಿ ಮೇಲೆ ಬಂದಿರುತ್ತದೆ. ಸೀಮೆಎಣ್ಣೆಯ ಮಣ್ಣಿಗಿಂತ ನೀರಿನ ಮಣ್ಣಿನ ಗಾತ್ರ ಶೇ. 50ಕ್ಕಿಂತ ಹೆಚ್ಚಾಗಿದ್ದರೆ ತೀರಾ ಜಾಸ್ತಿ ಉಬ್ಬುವ ಮಣ್ಣು.

ಇಂಥ ಮಣ್ಣಿಗೆಂದೇ ರೂರ್ಕಿಯ ಸಿಬಿಆರ್‌ಐನವರು (ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ) ಅಂಡರ್-ರೀಮ್ಡ್ ಪೈಲ್ ರೂಪಿಸಿದರು, ಭಾರತೀಯ ಮಾನಕ ಐಎಸ್ 2911ರ 3ನೇ ಭಾಗ ಪೂರ್ತಿ ಅದರ ಬಗ್ಗೆಯೇ. ಬುಡದಲ್ಲಿ ಗಡ್ಡೆಯ ಹಾಗೆ ಅಗಲ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಆಳ ಕನಿಷ್ಠ 3.5 ಮೀಟರ್, ಯಾಕೆಂದರೆ ಅಲ್ಲಿ ಬೇಸಿಗೆ-ಮಳೆಗಾಲಕ್ಕೆ ತೇವ ಹೆಚ್ಚುಕಮ್ಮಿ ಆಗುವುದಿಲ್ಲ. ಮೇಲಿನ ಎರೆ ಉಬ್ಬಿ ಪೈಲನ್ನು ಎಳೆದರೂ ಬುಡ ಬಿಡುವುದಿಲ್ಲ. ಆ ಎಳೆತ ತಡೆಯಲು ಸರಳು ತುದಿಯಿಂದ ಬುಡದವರೆಗೂ ಇರಲಿ. ಪೈಲ್‌ಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮ್ ಮಾತ್ರ ನೆಲಕ್ಕೆ ತಾಗಬಾರದು, ಅಡಿಯಲ್ಲಿ ಸುಮಾರು 8 ಸೆಂ.ಮೀ. ಖಾಲಿ ಬಿಡಿಸಿ. ಇಲ್ಲದಿದ್ದರೆ ಮಣ್ಣು ಬೀಮನ್ನೇ ಎತ್ತುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪೈಲ್ ಉಳಿಸುವುದು ಗೋಡೆಯನ್ನು. ಹಾಲ್‌ನ ನೆಲ ಮಣ್ಣಿನ ಮೇಲೇ ಕೂತಿರುತ್ತದೆ, ಟೈಲ್ಸ್ ಎದ್ದೇಳುವುದು ಅದಕ್ಕೇ. ಮೇಲಿನ ಎರೆ ತೆಗೆದು, ಗರಸು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿಸಿ. ಮನೆ ಸುತ್ತ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಬಚ್ಚಲ ಪೈಪು ಗೋಡೆ ಬುಡದಲ್ಲೇ ಸೋರಲು ಬಿಡಬೇಡಿ.