9820 ಎಂದರೆ ಈಗ ಯಾವ ಕಂಪನಿ?

ಮುಂಬೈಯ ಮಾಟುಂಗಾದ ಹಳೆಯ ಹೋಟೆಲುಗಳ ಬಿಲ್ಲಿನ ಮೇಲೆ ಈಗಲೂ 98200, 98210, 9869 ಎಂದು ಶುರುವಾಗುವ ನಂಬರುಗಳು ಕಾಣುತ್ತವೆ. ಒಂದು ಕಾಲದಲ್ಲಿ ಅಷ್ಟು ನೋಡಿದರೆ ಸಾಕಿತ್ತು. 9820 ಆರೆಂಜ್, 9821 ಬಿಪಿಎಲ್, 9869 ಎಂಟಿಎನ್‌ಎಲ್‌ನ ಡಾಲ್ಫಿನ್, 9892 ಏರ್‌ಟೆಲ್. ಪುಣೆ ಮತ್ತು ಗೋವಾದಲ್ಲಿ 9822 ಐಡಿಯಾ, 9890 ಏರ್‌ಟೆಲ್, 9422 ಬಿಎಸ್‌ಎನ್‌ಎಲ್. ಊರಿನಿಂದ ಬಂದ ಫೋನಾದರೆ 9845 ಇಲ್ಲವೇ 9448. 2011ರ ಜನವರಿ 20ರಂದು ಪೋರ್ಟಿಂಗ್, ಅಂದರೆ ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ, ದೇಶವಿಡೀ ಜಾರಿಗೆ ಬಂತು. ಅಂದಿನಿಂದ ಈ ಅಂಕಿಗಳು ಹೇಳುವುದು ಆ ನಂಬರು ಮೊದಲು ಯಾವ ಕಂಪನಿಯ, ಯಾವ ಸರ್ಕಲ್ಲಿನ (ದೂರಸಂಪರ್ಕ ವಲಯದ) ಪಾಲಿಗೆ ಬಂದಿತ್ತು ಎಂಬುದನ್ನಷ್ಟೇ. ಈಗ ಅದು ಯಾವ ಕಂಪನಿಯ ಬಳಿ ಇದೆ ಎಂದು ಅದರಿಂದ ತಿಳಿಯದು.

ಹೆಚ್ಚು ಜನ ಎಡವುವುದು ಸರ್ಕಲ್ಲಿನಲ್ಲಿ. ಮುಂಬೈ, ನವಿ ಮುಂಬೈ, ಕಲ್ಯಾಣ್ ಸೇರಿ ಒಂದು ಸರ್ಕಲ್. ಪುಣೆ ಅದರಲ್ಲಿಲ್ಲ; ಅದು ಮಹಾರಾಷ್ಟ್ರ ಸರ್ಕಲ್ಲಿಗೆ ಸೇರುತ್ತದೆ, ಗೋವಾ ಕೂಡ ಅದಕ್ಕೇ. ಹಾಗಾಗಿ ಪಣಜಿಯಲ್ಲೂ ಪುಣೆಯಲ್ಲೂ 9822 ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಕೊಂಡ ಸಿಮ್ ಹಿಡಿದು ಪುಣೆಯಲ್ಲಿ ಹತ್ತು ವರ್ಷ ಇದ್ದರೂ, ಪೋರ್ಟ್ ಮಾಡಿಸದಿದ್ದರೆ ಅದು ಕರ್ನಾಟಕದ ಸಿಮ್ಮೇ. ರೀಚಾರ್ಜ್ ಆ್ಯಪ್‌ನಲ್ಲಿ ಸರ್ಕಲ್ ಕೇಳಿದರೆ ನೀವಿರುವ ಊರನ್ನಲ್ಲ, ಸಿಮ್ಮಿನ ಸರ್ಕಲ್ಲನ್ನು ಆರಿಸಬೇಕು. ಕಂಪನಿ ಅಥವಾ ಸರ್ಕಲ್ ತಪ್ಪಿದರೆ ಪ್ಲಾನುಗಳ ಪಟ್ಟಿಯೇ ಬೇರೆ ಬರಬಹುದು, ದುಡ್ಡು ಹೋಗಿ ರೀಚಾರ್ಜ್ ಆಗದೆ ರೀಫಂಡಿಗೆ ಕಾಯಬೇಕಾಗಬಹುದು.

ಸಿಮ್ ಈಗ ಯಾವ ಕಂಪನಿಯದು ಎಂದು ತಿಳಿಯಲು ಫೋನ್ ನಂಬರಿಗಿಂತ ಒಳಗಿನ ಕೋಡ್ ನಂಬಿಕಸ್ಥ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಎಪಿಎನ್ (ಮೊಬೈಲ್ ಡೇಟಾ ಸಂಪರ್ಕದ ವಿವರ) ಪುಟ ತೆರೆದು ಎಂಸಿಸಿ, ಎಂಎನ್‌ಸಿ ಎಂಬ ಎರಡು ಸಾಲು ನೋಡಿ. ಎಂಸಿಸಿ ದೇಶದ ಕೋಡ್, ಭಾರತಕ್ಕೆ 404 ಅಥವಾ 405. ಎಂಎನ್‌ಸಿ ಕಂಪನಿಯನ್ನೂ ಸರ್ಕಲ್ಲನ್ನೂ ಹೇಳುತ್ತದೆ: 404-92 ಮುಂಬೈ ಏರ್‌ಟೆಲ್, 404-90 ಮಹಾರಾಷ್ಟ್ರ ಏರ್‌ಟೆಲ್, 404-45 ಕರ್ನಾಟಕ ಏರ್‌ಟೆಲ್, 404-20 ಮುಂಬೈ ವೊಡಾಫೋನ್ (ಹಿಂದಿನ ಆರೆಂಜ್, ಈಗಿನ ವೊಡಾಫೋನ್ ಐಡಿಯಾ). ಹಳೆಯ 9892, 9890, 9845, 9820ರ ಬಾಲವೇ ಇಲ್ಲಿ ಉಳಿದಿರುವುದನ್ನು ಗಮನಿಸಿ. ಪೋರ್ಟ್ ಮಾಡಿದಾಗ ಹೊಸ ಸಿಮ್ ಬರುತ್ತದೆ, ಈ ಕೋಡ್ ಬದಲಾಗುತ್ತದೆ, ಫೋನ್ ನಂಬರು ಮಾತ್ರ ಹಾಗೇ ಇರುತ್ತದೆ.

ಪೋರ್ಟಿಂಗ್ ವಿಧಾನ ಸುಲಭ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಹಾಕಿ ಅದೇ ಸಿಮ್ಮಿನಿಂದ 1900ಕ್ಕೆ ಎಸ್‌ಎಂಎಸ್ ಮಾಡಿ. ಎಂಟು ಅಕ್ಷರ-ಅಂಕಿಗಳ ಪೋರ್ಟಿಂಗ್ ಕೋಡ್ (ಯುಪಿಸಿ) ಬರುತ್ತದೆ, ಮುಂಬೈ-ಪುಣೆಯವರಿಗೆ ಅದರ ಆಯುಸ್ಸು 4 ದಿನ. ಅದನ್ನು ಹೊಸ ಕಂಪನಿಯ ಅಂಗಡಿಗೆ ಗುರುತಿನ ದಾಖಲೆ ಸಮೇತ ಒಯ್ಯಬೇಕು. ಸರ್ಕಲ್ ಒಳಗಾದರೆ 3, ಬೇರೆ ಸರ್ಕಲ್ಲಿನಿಂದಾದರೆ 5 ಕೆಲಸದ ದಿನ. ಮುಂಬೈಯಿಂದ ಪುಣೆಗೂ ಐದೇ. ಈಗಿನ ಕಂಪನಿಯಲ್ಲಿ 90 ದಿನ ತುಂಬಿರದಿದ್ದರೆ, ಪೋಸ್ಟ್‌ಪೇಯ್ಡ್ ಬಾಕಿ ಉಳಿದಿದ್ದರೆ ಅಥವಾ ಹಿಂದಿನ 7 ದಿನದೊಳಗೆ ಸಿಮ್ ಬದಲಿಸಿದ್ದರೆ ಕೋಡೇ ಸಿಗದು. ಕೊನೆಯ ಷರತ್ತು 2024ರ ಜುಲೈ 1ರಿಂದ ಬಂದದ್ದು, ವಂಚಕರನ್ನು ತಡೆಯಲು. ಪ್ರೀಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ, ಖರ್ಚು ಮಾಡಿಯೇ ಹೊರಡಿ. ಫೋನಿನಲ್ಲಿ ಯಾರೇ ಯುಪಿಸಿ ಕೇಳಿದರೂ ಕೊಡಬೇಡಿ, ಕೊಟ್ಟರೆ ನಂಬರನ್ನೇ ಕೊಟ್ಟಂತೆ.

ವರ್ಚುವಲ್ ಆಪರೇಟರ್ ಬಂದರೆ ಇನ್ನೊಂದು ಪದರ ಸೇರುತ್ತದೆ. ಇವರಿಗೆ ಸ್ವಂತ ಟವರ್ ಇಲ್ಲ, ತರಂಗಾಂತರವೂ ಇಲ್ಲ. ದೊಡ್ಡ ಕಂಪನಿಯಿಂದ ಸಗಟಿನಲ್ಲಿ ನಿಮಿಷ ಮತ್ತು ಡೇಟಾ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ನಮ್ಮಲ್ಲಿ 2008ರಲ್ಲಿ ವರ್ಜಿನ್ ಮೊಬೈಲ್ ಬಂದದ್ದು ಟಾಟಾ ಟೆಲಿಸರ್ವಿಸಸ್ ನೆಟ್‌ವರ್ಕ್ ಮೇಲೆ, ಬ್ರ್ಯಾಂಡ್ ಒಪ್ಪಂದದ ವೇಷದಲ್ಲಿ. ಆಗ ಲೈಸೆನ್ಸ್ ಪದ್ಧತಿಯೇ ಇರಲಿಲ್ಲ. 2016ರ ಮೇ 31ರಂದು ದೂರಸಂಪರ್ಕ ಇಲಾಖೆ ಅದಕ್ಕೆ ನಿಯಮಾವಳಿ ಹೊರಡಿಸಿತು. ಆದರೂ ಪೇಟೆಯಲ್ಲಿ ಈ ಸಿಮ್‌ಗಳು ವಿರಳ. ನನ್ನ ಅಭಿಪ್ರಾಯದಲ್ಲಿ ಕಾರಣ ಸರಳ: ಇಲ್ಲಿ ದೊಡ್ಡವರ ದರವೇ ಅಷ್ಟು ಕಡಿಮೆ, ಮಧ್ಯದವನಿಗೆ ಉಳಿಯುವುದೇನು?

ಮುಂಬೈ ದಾರಿಯಾಗಿ ಕೊಲ್ಲಿಗೆ ಹೋಗುವ ಕರಾವಳಿಯವರಿಗೆ ವರ್ಚುವಲ್ ಸಿಮ್‌ಗಳು ನಿಜವಾಗಿ ಎದುರಾಗುವುದು ಸೌದಿಯಲ್ಲಿ. ಅಲ್ಲಿ 050, 053, 055 ಎಸ್‌ಟಿಸಿ. 054, 056 ಮೊಬೈಲಿ. 058, 059 ಝೈನ್. ವರ್ಚುವಲ್‌ನವರಾದ ವರ್ಜಿನ್ ಮತ್ತು ಲೆಬಾರಾಗೆ ಸಿಕ್ಕಿದ್ದು 057. ವರ್ಜಿನ್ ಎಸ್‌ಟಿಸಿ ಟವರ್ ಮೇಲೆ, ಲೆಬಾರಾ ಮೊಬೈಲಿಯ ಮೇಲೆ ಶುರುವಾದವು. ಅಲ್ಲಿಯೂ ಪೋರ್ಟಿಂಗ್ ಇರುವುದರಿಂದ 057 ಕಂಡಾಕ್ಷಣ ತೀರ್ಮಾನ ಬೇಡ.

ತೊಂದರೆ ಬರುವುದು ಸಣ್ಣ ಸಂಗತಿಗಳಲ್ಲಿ. ಎಸ್‌ಟಿಸಿ ರೀಚಾರ್ಜ್ ಕಾರ್ಡು ವರ್ಜಿನ್ ಸಿಮ್ಮಿಗೆ ನಡೆಯದು, ಟವರ್ ಒಂದೇ ಆದರೂ. ಸಿಗ್ನಲ್ ತುಂಬ ಇದ್ದು ಡೇಟಾ ಬರದಿದ್ದರೆ ಹೆಚ್ಚಿನ ಸಲ ಎಪಿಎನ್ ತಪ್ಪಿರುತ್ತದೆ. ಟವರಿನವನದ್ದಲ್ಲ, ಸಿಮ್ ಮಾರಿದವನ ಎಪಿಎನ್ ಹಾಕಬೇಕು. ಸಿಮ್ ಹಾಳಾದರೆ ಟವರಿನವನ ಅಂಗಡಿಯಲ್ಲಿ ಬದಲಿ ಸಿಗದು. ಕೊಳ್ಳುವ ಮೊದಲು ನಾಲ್ಕು ಮಾತು ಕೇಳಿ: ಯಾರ ಟವರ್, ವೋಲ್ಟಿ (4ಜಿ ಮೇಲೆ ಕರೆ) ಇದೆಯೇ, ಭಾರತದಲ್ಲಿ ರೋಮಿಂಗ್ ಸಿಗುತ್ತದೆಯೇ, ಕ್ಯಾಂಪ್ ಹತ್ತಿರ ಇವರ ಅಂಗಡಿ ಇದೆಯೇ.

ಊರಿನ ಪ್ರೀಪೇಯ್ಡ್ ನಂಬರನ್ನು ಮರೆಯಬಾರದು, ಬ್ಯಾಂಕ್ ಒಟಿಪಿ ಬರುವುದು ಅದಕ್ಕೇ. 90 ದಿನ ಏನೂ ಬಳಸದಿದ್ದರೆ ಕಂಪನಿ ಅದನ್ನು ಕಡಿದು ಹಾಕಬಹುದು. ₹20 ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಮುಂದೂಡುವ ಸೌಲಭ್ಯ ಇದೆ, ಆದರೆ ಒಟಿಪಿ ಬೇಕಾದವರು ಅದನ್ನು ನೆಚ್ಚಿಕೊಳ್ಳದೆ ವ್ಯಾಲಿಡಿಟಿ ಇರುವ ಪ್ಲಾನೇ ಹಾಕಿಸಿಕೊಳ್ಳಿ. ವಿಮಾನ ಹತ್ತುವ ಮುಂಚೆಯೇ ಅಂತರರಾಷ್ಟ್ರೀಯ ರೋಮಿಂಗ್ ಶುರು ಮಾಡಿಸಿರಬೇಕು. ಕಡಿದ ನಂಬರು 90 ದಿನದ ಮೇಲೆ ಬೇರೆಯವರ ಕೈಗೆ ಹೋಗಬಹುದು, ಆಗ ನಿಮ್ಮ ಒಟಿಪಿ ಅವರಿಗೆ ಬರುತ್ತದೆ. ಮನೆಯವರ ಫೋನಿನಲ್ಲಿ ಸೌದಿ ನಂಬರನ್ನು ಮೊದಲಿನ ಸೊನ್ನೆ ತೆಗೆದು, +966 5 ಎಂದು ಶುರುವಾಗುವಂತೆ ಸೇವ್ ಮಾಡಿಕೊಟ್ಟು ಹೋಗಿ.